ಸ್ನಾನದ ಸಾಬೂನಿನಲ್ಲಿ ಗಡ್ಡ ಹೆರೆಯುವ ಕ್ರಮ: ಊರೂರಿನ ನೀರು ಕಂಡವನಿಂದ

ಔಷಧ ಕಂಪನಿಯ ಪ್ರತಿನಿಧಿಗೆ ಗಡ್ಡ ಬಿಡುವ ಸ್ವಾತಂತ್ರ್ಯವಿರಲಿಲ್ಲ. ಈಗಿನ ಹುಡುಗರು ಓರಣವಾಗಿ ಕತ್ತರಿಸಿದ ಗಡ್ಡದಲ್ಲೇ ವೈದ್ಯರ ಮುಂದೆ ನಿಲ್ಲುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ನಮ್ಮ ಕಾಲದಲ್ಲಿ ಟೈ ಎಷ್ಟು ಕಡ್ಡಾಯವೋ ನುಣ್ಣಗಿನ ಗಲ್ಲವೂ ಅಷ್ಟೇ ಕಡ್ಡಾಯ. ಹಾಗಾಗಿ ನೌಕರಿಯುದ್ದಕ್ಕೂ ಯಾವುದೋ ಊರಿನ ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ, ‘ಬಿಸಿನೀರು ಬೆಳಿಗ್ಗೆ 6ರಿಂದ 8’ ಎಂಬ ಫಲಕವನ್ನು ನಂಬಿ ಗಡ್ಡ ಹೆರೆದುಕೊಂಡವನು ನಾನು. ಶಿರಸಿ, ಸಾಗರಗಳ ನೀರಿನಲ್ಲಿ ಹೆರೆದಿದ್ದೇನೆ. ಗದಗ, ಚಿತ್ರದುರ್ಗ, ಕೋಲಾರಗಳ ಕೊಳವೆಬಾವಿ ನೀರಿನಲ್ಲೂ ಹೆರೆದಿದ್ದೇನೆ. ಲಾಡ್ಜಿನವರು ಕೊಡುವ ಎರಡು ಬೆರಳಗಲದ ಸಾಬೂನು, ಟ್ಯೂಬಿನ ಕ್ರೀಮು, ಒತ್ತಿದರೆ ಬುಸ್ಸೆಂದು ಬರುವ ಫೋಮು ಎಲ್ಲವೂ ನನ್ನ ಕೆನ್ನೆಯ ಮೇಲೆ ಆಗಿಹೋಗಿವೆ.

ಈಗ ಮನೆಯಲ್ಲಿ ನಾನು ಬಳಸುವುದು ಸ್ನಾನದ ಸಾಬೂನನ್ನೇ. ಅಳಿಯ ಬಂದಾಗಲೆಲ್ಲ ನನ್ನ ಬಟ್ಟಲನ್ನು ನೋಡಿ, “ಮಾವ, ಮೈಗೆ ಹಚ್ಚುವ ಸಾಬೂನಿನಲ್ಲಿ ಗಡ್ಡ ಹೆರೆದರೆ ಚರ್ಮ ಒಡೆಯುವುದಿಲ್ಲವೇ?” ಎನ್ನುತ್ತಾನೆ. ಕ್ರಮ ತಪ್ಪಿದರೆ ಒಡೆಯುತ್ತದೆ. ಅವನು ಬಳಸುವ ಫೋಮಿನ ಡಬ್ಬಿಯಲ್ಲೂ ಕ್ರಮ ತಪ್ಪಿದರೆ ಒಡೆಯುತ್ತದೆ, ದುಡ್ಡು ಮಾತ್ರ ಹೆಚ್ಚು ಹೋಗುತ್ತದೆ. ಆ ಕ್ರಮ ಏನೆಂಬುದನ್ನು ಅವನಿಗೆ ಬಾಯಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ಖಚಿತವಾಗಿರಲಿ. ಗಡ್ಡವನ್ನು ಮೆತ್ತಗೆ ಮಾಡುವುದು ನೀರು. ಒಣಗಿದ ಗಡ್ಡದ ಕೂದಲು ಬಲು ಬಿರುಸು. ನೀರು ಹೀರಿದರೆ ಅದು ಉಬ್ಬಿ ಮೆದುವಾಗುತ್ತದೆ, ಕತ್ತರಿಸಲು ಬೇಕಾಗುವ ಬಲ ಚೆನ್ನಾಗಿ ಇಳಿಯುತ್ತದೆ. ಅದಕ್ಕೆ ಎರಡು ಮೂರು ನಿಮಿಷ ಬೇಕು. ನೀರು ಬಿಸಿಯಿದ್ದರೆ ಸ್ವಲ್ಪ ಬೇಗ. ಸಾಬೂನು ಮಾಡುವುದೇನೆಂದರೆ ಕೂದಲಿಗೆ ಅಂಟಿದ ಜಿಡ್ಡು ತೆಗೆದು ನೀರಿಗೆ ದಾರಿ ಬಿಡುತ್ತದೆ, ಒಳಹೋದ ನೀರು ಆರದ ಹಾಗೆ ಮೇಲೆ ಹೊದಿಕೆ ಹಾಸುತ್ತದೆ, ಬ್ಲೇಡು ಚರ್ಮಕ್ಕೆ ಕಚ್ಚದೆ ಜಾರುವಂತೆ ನೋಡಿಕೊಳ್ಳುತ್ತದೆ. ಫೋಮು ಮಾಡುವುದೂ ಇಷ್ಟೇ. ಬಿರುಸು ಕೂದಲಿನಿಂದ ಬ್ಲೇಡಿಗೂ ಕೇಡು. ಕೂದಲಿಗಿಂತ ಉಕ್ಕು ಎಷ್ಟೋ ಪಟ್ಟು ಗಟ್ಟಿಯಾಗಿದ್ದರೂ ಕೂದಲು ಬಾಗಿ ನಿಂತಾಗ ಬ್ಲೇಡಿನ ಅಂಚಿನಿಂದ ಸಣ್ಣ ಚಕ್ಕೆ ಹಾರಿಸಬಲ್ಲದು ಎಂದು ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ತೋರಿಸಿದರು.

ಡಬ್ಬಿಯೊಳಗೆ ಏನೋ ವಿಶೇಷವಿದೆ ಎಂಬ ಭ್ರಮೆ ಬೇಡ. ಅದರ ಹಿಂಬದಿಯ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿ. ಮೊದಲ ಹೆಸರು ನೀರು. ಆಮೇಲೆ ಸಾಮಾನ್ಯವಾಗಿ ಸ್ಟಿಯರಿಕ್ ಆಮ್ಲ, ಟ್ರೈಎಥನಾಲಮೀನ್. ಕೊಬ್ಬಿನ ಆಮ್ಲವೊಂದು ಕ್ಷಾರದ ಜೊತೆ ಸೇರಿದರೆ ಆಗುವುದು ಸಾಬೂನೇ; ಅಂದರೆ ಡಬ್ಬಿಯಲ್ಲಿರುವುದೂ ಒಂದು ಬಗೆಯ ತೆಳು ಸಾಬೂನು ನೀರು. ಅದರ ಜೊತೆಗೆ ಒತ್ತಡದಲ್ಲಿ ದ್ರವವಾಗಿ ಕೂತ ಬ್ಯುಟೇನ್, ಐಸೊಬ್ಯುಟೇನ್, ಪ್ರೊಪೇನ್ ಇರುತ್ತವೆ. ಅಡುಗೆ ಅನಿಲದ ಸಿಲಿಂಡರಿನಲ್ಲಿರುವುದೂ ಇದೇ ಬಳಗ. ಗುಂಡಿ ಒತ್ತಿದೊಡನೆ ದ್ರವ ಅನಿಲವಾಗಿ ಉಬ್ಬಿ, ಕ್ಷಣದಲ್ಲಿ ಅಂಗೈ ತುಂಬ ನೊರೆಯಾಗುತ್ತದೆ. ಆ ತಣ್ಣನೆಯ ಅನುಭವ ಅನಿಲ ಆವಿಯಾಗುವುದರಿಂದ ಬಂದದ್ದು. ನೋಡಲು ಬೆಟ್ಟದಷ್ಟಿದ್ದರೂ ಅದರಲ್ಲಿ ಹೆಚ್ಚಿನದು ಅನಿಲದ ಗುಳ್ಳೆ. ಕೂದಲಿಗೆ ಸಿಗುವ ನೀರು ಅತ್ಯಲ್ಪ. ಒಣ ಮುಖಕ್ಕೆ ಫೋಮು ಮೆತ್ತಿ ಆ ಕೂಡಲೇ ರೇಜರ್ ಎಳೆಯುವವರ ಕುತ್ತಿಗೆ ಕೆಂಪಾಗುವುದು ಇದರಿಂದ.

ಇನ್ನು ಸಾಬೂನಿನ ಆಯ್ಕೆ. ಅಂಗಡಿಯಲ್ಲಿ ಸಾಬೂನು ಎಂದು ಕೇಳಿದರೆ ಎರಡು ಜಾತಿಯ ಸರಕು ಕೊಡುತ್ತಾರೆ. ಹೊದಿಕೆಯ ಮೇಲೆ ‘ಟಾಯ್ಲೆಟ್ ಸೋಪ್’ ಎಂದಿದ್ದರೆ ಅದು ನಿಜವಾದ ಸಾಬೂನು. ‘ಬಾತಿಂಗ್ ಬಾರ್’ ಎಂದಿದ್ದರೆ ಅದರಲ್ಲಿ ಸಾಬೂನಿನ ಅಂಶ ಕಡಿಮೆ ಇರಬಹುದು, ಬೇರೆ ಡಿಟರ್ಜೆಂಟ್ ಅಥವಾ ತುಂಬುವ ಪುಡಿ ಬೆರೆತಿರಬಹುದು. ಟಿಎಫ್‌ಎಂ ಎಂಬ ಮೂರಕ್ಷರದ ಪಕ್ಕದ ಸಂಖ್ಯೆ ನೋಡಿ. ಅದು ಕೊಬ್ಬಿನ ಅಂಶದ ಶೇಕಡಾವಾರು ಪ್ರಮಾಣ. ಭಾರತೀಯ ಮಾನಕದ ಪ್ರಕಾರ ಒಂದನೇ ದರ್ಜೆಗೆ ಕನಿಷ್ಠ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಇರಬೇಕು. ಗಡ್ಡಕ್ಕೆ 76ಕ್ಕಿಂತ ಕೆಳಗಿನದನ್ನು ನಾನು ತೆಗೆದುಕೊಳ್ಳುವುದಿಲ್ಲ. ಕಡಿಮೆ ದರ್ಜೆಯ ಬಿಲ್ಲೆ ಬೇಗ ಮೆತ್ತಗಾಗಿ ಲೋಳೆಯಾಗುತ್ತದೆ, ನೊರೆ ಮಾತ್ರ ಕೆನ್ನೆಯ ಮೇಲೆ ನಿಲ್ಲುವುದಿಲ್ಲ.

ನನ್ನದು ಮೈಸೂರು ಸ್ಯಾಂಡಲ್. ಮೊದಲ ಮಹಾಯುದ್ಧದಿಂದಾಗಿ ಶ್ರೀಗಂಧದ ಮರ ಯುರೋಪಿಗೆ ಹೋಗಲಾರದೆ ಸಂಸ್ಥಾನದಲ್ಲೇ ರಾಶಿ ಬಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯಲು ಶುರುಮಾಡಿ, 1918ರಿಂದ ಸಾಬೂನು ಮಾಡಿದ ಸರ್ಕಾರಿ ಕಾರ್ಖಾನೆಯದು. ಗಡ್ಡಕ್ಕೆ ಅದು ಒದಗುವುದು ಗಂಧದ ಪರಿಮಳದಿಂದಲ್ಲ. ಕೊಬ್ಬಿನಂಶ ಚೆನ್ನಾಗಿದ್ದು ಬಿಲ್ಲೆ ಗಟ್ಟಿಯಾಗಿರುವುದರಿಂದ. ನೊರೆ ಏಳಲು ಸ್ವಲ್ಪ ತಡ ಮಾಡುತ್ತದೆ, ಎದ್ದ ಮೇಲೆ ಮರ್ಯಾದೆ ಉಳಿಸುತ್ತದೆ. ಪರಿಮಳದ ಸಾಬೂನು ತಾಗಿದರೆ ಚುರುಗುಟ್ಟುವ ಚರ್ಮ ನಿಮ್ಮದಾದರೆ ಗ್ಲಿಸರಿನ್ ಇರುವ ಪಾರದರ್ಶಕ ಬಿಲ್ಲೆ ವಾಸಿ. ಅದರ ನೊರೆ ತೆಳು, ಆದರೆ ಜಾರಿಕೆ ಚೆನ್ನಾಗಿರುತ್ತದೆ. ಕಾರ್ಬಾಲಿಕ್ ವಾಸನೆಯ ಕೆಂಪು ಸಾಬೂನು, ಬಟ್ಟೆ ಒಗೆಯುವ ಬಿಲ್ಲೆ ಇವೆರಡರ ತಂಟೆಗೆ ಹೋಗಬೇಡಿ. ಹಾಸ್ಟೆಲ್ಲಿನಲ್ಲಿ ಎಲ್ಲವೂ ನಡೆಯುತ್ತದೆ, ನನಗೂ ಗೊತ್ತು. ವಯಸ್ಸು ಇಪ್ಪತ್ತು ದಾಟಿದ ಮೇಲೆ ನಡೆಯುವುದಿಲ್ಲ.

ಸ್ನಾನದ ಸಾಬೂನಿಗೆ ಒಂದು ನಿಜವಾದ ಕೊರತೆಯಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಗಡ್ಡಕ್ಕೆಂದೇ ಮಾಡಿದ ಸಾಬೂನಿನಲ್ಲಿ ಸ್ಟಿಯರಿಕ್ ಆಮ್ಲ ಧಾರಾಳವಾಗಿರುತ್ತದೆ. ಸೋಡಿಯಂ ಜೊತೆಗೆ ಪೊಟ್ಯಾಸಿಯಂ ಕ್ಷಾರವನ್ನೂ ಬಳಸಿರುತ್ತಾರೆ. ಅದರ ನೊರೆ ನುಣುಪಾಗಿ, ದಟ್ಟವಾಗಿ, ತೇವ ಹಿಡಿದು ಕೂರುತ್ತದೆ. ಸ್ನಾನದ ಸಾಬೂನು ಬಹುಪಾಲು ತಾಳೆಯೆಣ್ಣೆ, ತಾಳೆಬೀಜದ ಎಣ್ಣೆ ಅಥವಾ ಕೊಬ್ಬರಿ ಎಣ್ಣೆಯ ಸೋಡಿಯಂ ಲವಣ. ಅದರ ಕೆಲಸ ಮೈಯ ಕೊಳೆ ತೆಗೆದು ನೀರಿನೊಂದಿಗೆ ಹೊರಟುಹೋಗುವುದು. ಹೀಗಾಗಿ ಅದರ ನೊರೆ ಒಂದೆರಡು ನಿಮಿಷದಲ್ಲಿ ಆರಿ ಬಿಳಿ ಪೊರೆಯಾಗುತ್ತದೆ. ಇಡೀ ಮುಖಕ್ಕೆ ಒಮ್ಮೆಲೇ ಹಚ್ಚಿಕೊಂಡರೆ ಬಲಗೆನ್ನೆ ಮುಗಿಸುವಷ್ಟರಲ್ಲಿ ಎಡಗೆನ್ನೆ ಒಣಗಿರುತ್ತದೆ. ಪರಿಹಾರ ಸರಳ: ಅರ್ಧ ಮುಖಕ್ಕೆ ಹಚ್ಚಿ, ಹೆರೆದು, ಆಮೇಲೆ ಉಳಿದರ್ಧಕ್ಕೆ ಹಚ್ಚಿಕೊಳ್ಳುವುದು. ಕುತ್ತಿಗೆಗೆ ಮತ್ತೊಮ್ಮೆ ಹೊಸದಾಗಿ ಹಚ್ಚಬೇಕು.

ಆದರೆ ನೊರೆ ಏಳುವುದೋ ಇಲ್ಲವೋ ಎಂಬುದನ್ನು ಸಾಬೂನಿಗಿಂತ ಊರಿನ ನೀರು ತೀರ್ಮಾನಿಸುತ್ತದೆ. ಮಲೆನಾಡಿನಲ್ಲಿ ಇದರ ಚಿಂತೆಯೇ ಇಲ್ಲ. ಶಿರಸಿಯ ಬಾವಿ ನೀರಿನಲ್ಲಿ ಸಾಬೂನು ತಾಗಿದರೆ ಸಾಕು, ನೊರೆ ಉಕ್ಕುತ್ತದೆ. ಎಷ್ಟು ತೊಳೆದರೂ ಮುಖ ಜಾರುತ್ತಲೇ ಇರುತ್ತದೆ. ಗದಗದ ಕಡೆ ಬಂದರೆ ಅದೇ ಸಾಬೂನು, ಅದೇ ಬ್ರಷ್, ಉಜ್ಜಿ ಉಜ್ಜಿ ಕೈ ಸೋತರೂ ಒಡೆದ ಹಾಲಿನಂಥ ಕಿಟ್ಟ ಮಾತ್ರ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನಿನೊಡನೆ ಸೇರಿ ಕರಗದ ಕಿಟ್ಟವಾಗುತ್ತವೆ. ಅದು ಚರ್ಮಕ್ಕೆ ಅಂಟುತ್ತದೆ, ಬ್ಲೇಡುಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪುತ್ತಾರೆ. 600ರ ಹತ್ತಿರದ ನೀರಿನಲ್ಲಿ ಸ್ನಾನದ ಸಾಬೂನಿನಿಂದ ಗಡ್ಡ ಹೆರೆಯಲು ಹೊರಡುವುದು ಹಟ, ಬೇರೇನಲ್ಲ.

ನಿಮ್ಮ ನಲ್ಲಿಯ ನೀರು ಹೇಗಿದೆ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಖಾಲಿ ನೀರಿನ ಬಾಟಲಿಯಲ್ಲಿ ಕಾಲು ಭಾಗ ನೀರು ಹಾಕಿ, ಬಟಾಣಿ ಗಾತ್ರದ ಸಾಬೂನಿನ ಚೂರು ಬಿಟ್ಟು, ಕರಗುವವರೆಗೆ ಕುಲುಕಿ. ಮೇಲೆ ನೊರೆ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಇಲ್ಲದೆ ನೀರು ಹಾಲಿನ ಬಣ್ಣಕ್ಕೆ ತಿರುಗಿ ಚೂರು ಚೂರು ತೇಲಿದರೆ ಗಡಸು. ಗೀಸರಿನ ಕಾಯಿಲಿಗೆ, ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುವ ಮನೆಯವರಿಗೆ ಈ ಪರೀಕ್ಷೆಯೂ ಬೇಡ.

ಗಡಸು ನೀರಿನ ಊರಿನಲ್ಲಿ ಇದ್ದೀರೆಂದು ಡಬ್ಬಿಗೆ ಶರಣಾಗಬೇಕಿಲ್ಲ. ನೊರೆ ಮಾಡಲು ಬೇಕಾದದ್ದು ಒಂದು ಲೋಟ ನೀರು, ಅಷ್ಟೇ. ಆ ಒಂದು ಲೋಟವನ್ನು ಕುಡಿಯುವ ನೀರಿನಿಂದ ತೆಗೆದುಕೊಳ್ಳಿ. ಈಗ ಬಯಲುಸೀಮೆಯ ಹಳ್ಳಿಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿ ಕ್ಯಾನಿನಲ್ಲಿ ತಂದ ಆ ನೀರು ಗಡ್ಡಕ್ಕೆ ಬಹಳ ಒಳ್ಳೆಯದು. ಹಿಡಿದಿಟ್ಟ ಮಳೆನೀರು ಇನ್ನೂ ಒಳ್ಳೆಯದು. ಏನೂ ಸಿಗದಿದ್ದರೆ ನೀರನ್ನು ಕುದಿಸಿ, ಆರಲು ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಬೈಕಾರ್ಬನೇಟಿನಿಂದ ಬಂದ ಗಡಸುತನ ಕುದಿಸಿದರೆ ತಳಕ್ಕೆ ಇಳಿಯುತ್ತದೆ. ಮುಖವನ್ನು ಮಾತ್ರ ಯಾವ ನೀರಿನಿಂದ ಬೇಕಾದರೂ ತೊಳೆದುಕೊಳ್ಳಿ, ಕೊನೆಯ ಒಂದು ಬೊಗಸೆ ಒಳ್ಳೆಯ ನೀರಾಗಿರಲಿ.

ಈಗ ಬಟ್ಟಲು. ಬಿಲ್ಲೆಯನ್ನೇ ಕೆನ್ನೆಗೆ ಉಜ್ಜಿ ಬೆರಳಿನಿಂದ ನೊರೆ ಮಾಡುವವರಿದ್ದಾರೆ. ಲಾಡ್ಜಿನಲ್ಲಿ ಅದು ಅನಿವಾರ್ಯ, ಮನೆಯಲ್ಲಿ ಬೇಡ. ಸವೆದು ಕೈಗೆ ಸಿಗದಂತಾದ ಸಾಬೂನಿನ ಚೂರುಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಕೂಡಿಡಿ. ಒಂದು ಹಿಡಿಯಾದಾಗ ಹೆರೆಮಣೆಯಲ್ಲಿ ತುರಿಯಿರಿ. ಅಡುಗೆಮನೆಯ ಹೆರೆಮಣೆಯನ್ನು ಮುಟ್ಟಬೇಡಿ. ನನ್ನ ಮನೆಯಲ್ಲಿ ಈ ಒಂದು ವಿಷಯಕ್ಕೆ ರಾಜಿಯಿಲ್ಲ, ಹೆಂಡತಿ ನನಗಾಗಿ ಹಳೆಯ, ಹಿಡಿ ಮುರಿದ ತುರಿಯುವ ತಗಡೊಂದನ್ನು ಬಚ್ಚಲಿಗೆ ಗಡೀಪಾರು ಮಾಡಿದ್ದಾಳೆ. ತುರಿಗೆ ಎರಡು ಚಮಚ ಬಿಸಿನೀರು, ಅರ್ಧ ಚಮಚ ಗ್ಲಿಸರಿನ್ ಹಾಕಿ ಕಲಸಿ, ಅಗಲ ಬಾಯಿಯ ಚಿಕ್ಕ ಬಟ್ಟಲಿಗೆ ಹೆಬ್ಬೆರಳಿನಿಂದ ಒತ್ತಿ ಕೂರಿಸಿ. ಎರಡು ದಿನ ಗಾಳಿಗೆ ಆರಿದರೆ ಗಟ್ಟಿಯಾಗುತ್ತದೆ. ಗ್ಲಿಸರಿನ್ ಔಷಧದಂಗಡಿಯಲ್ಲಿ ಸಣ್ಣ ಸೀಸೆಯಲ್ಲಿ ಸಿಗುತ್ತದೆ. ತೇವ ಹಿಡಿದಿಡುವುದು ಅದರ ಸ್ವಭಾವ, ಬೇಗ ಆರುವ ನೊರೆಗೆ ಅದು ಸ್ವಲ್ಪ ಆಯುಸ್ಸು ಕೊಡುತ್ತದೆ. ಎಣ್ಣೆ ಬೆರೆಸಬೇಡಿ. ಎಣ್ಣೆ ನೊರೆಯನ್ನು ಕೊಲ್ಲುತ್ತದೆ.

ಬೆಳಿಗ್ಗೆ ಸ್ನಾನ ಮುಗಿಸಿದ ಮೇಲೆ ಗಡ್ಡ ಹೆರೆಯುವುದು ಉತ್ತಮ. ಹೆರೆದ ಮೇಲೆ ಸ್ನಾನವಾಗಬೇಕು ಎನ್ನುವ ಹಿರಿಯರ ಮನೆಯಲ್ಲಿ ಇದಕ್ಕೆ ಜಾಗವಿಲ್ಲ. ಅಂಥವರು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಎರಡು ನಿಮಿಷ ಗಡ್ಡದ ಮೇಲೆ ಒತ್ತಿ ಹಿಡಿದರೆ ಸಾಕು. ಅಷ್ಟು ಹೊತ್ತು ಬ್ರಷ್ಷು ಬಿಸಿನೀರಿನ ಲೋಟದಲ್ಲಿ ತಲೆಕೆಳಗಾಗಿ ನೆನೆಯುತ್ತಿರಲಿ.

ಬ್ರಷ್ಷನ್ನು ಒಮ್ಮೆ ಕೊಡವಿ ಬಟ್ಟಲಿನ ಸಾಬೂನಿನ ಮೇಲೆ ತಿರುಗಿಸಲು ಶುರುಮಾಡಿ. ಮೊದಲು ದೊಡ್ಡ ದೊಡ್ಡ ಗುಳ್ಳೆ ಏಳುತ್ತವೆ, ಬಟ್ಟಲಿನ ಅಂಚಿಗೆ ಹರಿಯುತ್ತವೆ. ಬಹಳ ಜನ ಇಲ್ಲಿಗೇ ನಿಲ್ಲಿಸಿ ಮುಖಕ್ಕೆ ಹಚ್ಚುತ್ತಾರೆ, ಆಮೇಲೆ ಸಾಬೂನನ್ನು ಬೈಯುತ್ತಾರೆ. ತಿರುಗಿಸುತ್ತಲೇ ಇರಿ. ಗುಳ್ಳೆ ಸಣ್ಣದಾಗುತ್ತಾ ಬರುತ್ತದೆ, ಬಟ್ಟಲಿನ ಸದ್ದು ಚಟಪಟದಿಂದ ಮೆತ್ತನೆಯ ಪಚಪಚಕ್ಕೆ ಇಳಿಯುತ್ತದೆ, ಬ್ರಷ್ಷಿನ ಎಳೆಗಳ ಬುಡದಲ್ಲಿ ಕೆನೆಯಂಥದ್ದು ಸೇರುತ್ತದೆ. ಆಗ ಬೆರಳ ತುದಿಯಿಂದ ನಾಲ್ಕೈದು ಹನಿ ನೀರು ಚಿಮುಕಿಸಿ ಮತ್ತೆ ತಿರುಗಿಸಿ. ನೀರು ಒಮ್ಮೆಲೇ ಸುರಿದರೆ ನೊರೆ ಸತ್ತು ಬಿಡುತ್ತದೆ, ಹನಿ ಹನಿಯಾಗಿಯೇ ಆಗಬೇಕು. ಬ್ರಷ್ ಎತ್ತಿದಾಗ ನೊರೆಯ ತುದಿ ಬಾಗಿ ನಿಲ್ಲಬೇಕು, ಮುರಿದು ಬೀಳಬಾರದು. ಕಣ್ಣಿಗೆ ಕಾಣುವ ಗುಳ್ಳೆ ಇರಬಾರದು. ಎರಡು ಬೆರಳಿನ ನಡುವೆ ತಿಕ್ಕಿ ನೋಡಿ: ಬೆರಳು ಕಿರುಗುಟ್ಟಿದರೆ ನೀರು ಕಡಿಮೆ, ಜಾರಿದರೆ ಸಿದ್ಧ.

ಇನ್ನೂ ಒದ್ದೆಯಾಗಿರುವ ಕೆನ್ನೆಗೆ ಬ್ರಷ್ಷನ್ನು ಸುತ್ತು ಸುತ್ತಾಗಿ ತಿಕ್ಕಿ. ಮೇಲಿಂದ ಬಳಿದರೆ ಆಗದು. ಎಳೆಗಳು ಕೂದಲನ್ನು ಎಬ್ಬಿಸಿ ನಿಲ್ಲಿಸಬೇಕು, ನೊರೆ ಬುಡಕ್ಕೆ ಇಳಿಯಬೇಕು. ಅರ್ಧ ನಿಮಿಷ ಹೀಗೆ ಮಾಡಿ ರೇಜರ್ ಹಿಡಿಯಿರಿ. ಮೇಲ್ದುಟಿ, ಗದ್ದಗಳ ಕೂದಲು ಎಲ್ಲಕ್ಕಿಂತ ಬಿರುಸು. ಅವಕ್ಕೆ ಮೊದಲು ಹಚ್ಚಿ, ನೊರೆ ಆರಿದ್ದರೆ ಮತ್ತೆ ಹಚ್ಚಿ, ಕೊನೆಯಲ್ಲಿ ಹೆರೆಯಿರಿ.

ಹೆರೆಯುವ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಎರಡಂಚಿನ ಬ್ಲೇಡಿನ ಹಳೆಯ ಕಬ್ಬಿಣದ ರೇಜರಾದರೆ ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ಅದರ ಭಾರದಲ್ಲೇ ಎಳೆಯಿರಿ, ಒತ್ತಬೇಡಿ. ಒಂದೊಂದು ಎಳೆತವೂ ಅಂಗುಲದಷ್ಟಿರಲಿ. ಕೂದಲು ಯಾವ ಕಡೆ ಮಲಗಿದೆ ಎಂದು ಮುಂಚೆ ಬೆರಳಾಡಿಸಿ ನೋಡಿಕೊಳ್ಳಿ. ಕೆನ್ನೆಯಲ್ಲಿ ಕೆಳಮುಖ, ಕುತ್ತಿಗೆಯಲ್ಲಿ ಅದು ಯಾರ ಮಾತನ್ನೂ ಕೇಳುವುದಿಲ್ಲ, ಕೆಲವರಿಗೆ ಸುಳಿಯೇ ಇರುತ್ತದೆ. ಮೊದಲ ಸಲ ಮಲಗಿದ ದಿಕ್ಕಿಗೇ ಹೆರೆಯಿರಿ. ಇನ್ನೂ ನುಣುಪು ಬೇಕೆಂದರೆ ಮತ್ತೆ ನೊರೆ ಹಚ್ಚಿ ಅಡ್ಡಲಾಗಿ ಹೆರೆಯಿರಿ. ನೊರೆ ಇಲ್ಲದ ಜಾಗಕ್ಕೆ ‘ಒಂದು ಸಲ ತಾನೇ’ ಎಂದು ರೇಜರ್ ತಾಗಿಸುವ ಚಾಳಿಯಿಂದಲೇ ಮುಕ್ಕಾಲು ಗಾಯ ಆಗುವುದು. ಸ್ನಾನದ ಸಾಬೂನು ಬಳಸುವವರಿಗೆ ಮೂರು ನಾಲ್ಕು ಬ್ಲೇಡುಗಳ ಕಾರ್ಟ್ರಿಜ್‌ಗಿಂತ ಈ ಹಳೆಯ ರೇಜರೇ ಒಗ್ಗುತ್ತದೆ: ಕಿಟ್ಟ ಕಟ್ಟಿದರೆ ಹಿಡಿ ತಿರುಗಿಸಿ ಬಿಚ್ಚಿ ತೊಳೆಯಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮಾತ್ರ ಎರಡಂಚಿನ ಬ್ಲೇಡಿನ ಸಹವಾಸ ಬಿಟ್ಟು ವಿದ್ಯುತ್ ರೇಜರ್ ಕೊಳ್ಳಲಿ. ಬ್ಲೇಡನ್ನು ಅಣ್ಣತಮ್ಮಂದಿರ ನಡುವೆಯೂ ಹಂಚಿಕೊಳ್ಳಬಾರದು, ಹೆಪಟೈಟಿಸ್ ಬಿ ಹರಡಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು.

ಮುಗಿದ ಮೇಲೆ ತಣ್ಣೀರು. ಸಾಬೂನಿನ ಚೂರೂ ಉಳಿಯದಂತೆ ತೊಳೆಯಿರಿ. ಕಿವಿಯ ಬುಡ, ಗದ್ದದ ಕೆಳಗಿನ ಮಡಿಕೆಗಳನ್ನು ಬಿಡಬೇಡಿ. ಸಾಬೂನು ಕ್ಷಾರ, ಅದರ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 9ರಿಂದ 10. ಚರ್ಮದ್ದು 5ರ ಆಸುಪಾಸು. ಉಳಿದ ಸಾಬೂನು ಮಧ್ಯಾಹ್ನದ ಹೊತ್ತಿಗೆ ಮುಖ ಬಿಗಿಯುವಂತೆ ಮಾಡುತ್ತದೆ. ಒದ್ದೆ ಮುಖದ ಮೇಲೆ ಪಟಿಕದ ಕಲ್ಲನ್ನು ಒಮ್ಮೆ ಹಾಯಿಸಿ. ಎಲ್ಲಿ ಉರಿಯಿತೋ ಅಲ್ಲಿ ನಿಮ್ಮ ಕೈ ಭಾರವಾಗಿತ್ತು ಎಂದರ್ಥ. ಅರ್ಧ ನಿಮಿಷ ಬಿಟ್ಟು ತೊಳೆದು, ಒರೆಸಿ, ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಹಚ್ಚಿ ತಿಕ್ಕಿ ಮುಖಕ್ಕೆ ಒತ್ತಿಕೊಳ್ಳಿ. ಮೊಡವೆ ಏಳುವ ಮುಖವಾದರೆ ಎಣ್ಣೆ ಬೇಡ, ಜಿಡ್ಡಿಲ್ಲದ ಲೋಷನ್ ಇರಲಿ. ಸಾಬೂನಿನ ದಾರಿ ಹಿಡಿದವರು ಈ ಕೊನೆಯ ಹಂತವನ್ನು ಬಿಡುವಂತಿಲ್ಲ. ಫೋಮಿನವರು ಎಷ್ಟೋ ಸಲ ಬಿಟ್ಟರೂ ನಡೆಯುತ್ತದೆ, ಏಕೆಂದರೆ ಅದರಲ್ಲಿ ತೇವ ಕಾಯುವ ಪದಾರ್ಥಗಳನ್ನು ಮೊದಲೇ ಸೇರಿಸಿರುತ್ತಾರೆ.

ಹಾಗಾದರೆ ಡಬ್ಬಿ ದಂಡವೇ? ಅಲ್ಲ. ಬೆಳಿಗ್ಗೆ ಐದೂವರೆಯ ಬಸ್ಸು ಹಿಡಿಯುವವನಿಗೆ, ಗಡಸು ನೀರಿನ ಪರಸ್ಥಳದಲ್ಲಿ ಒಂದು ರಾತ್ರಿ ಇರುವವನಿಗೆ, ಕೈ ನಡುಗುವ, ಬ್ರಷ್ ತಿರುಗಿಸಲಾಗದ ವೃದ್ಧರಿಗೆ ಅದು ಅನುಕೂಲ. ಹಾಸಿಗೆ ಹಿಡಿದ ನಮ್ಮ ದೊಡ್ಡಪ್ಪನಿಗೆ ನಾನೇ ಗಡ್ಡ ಹೆರೆಯುತ್ತಿದ್ದೆ. ಅಲ್ಲಿ ಬಟ್ಟಲು, ಲೋಟ, ಚೆಲ್ಲುವ ನೀರು ಯಾವುದೂ ಬೇಡವಾಗಿತ್ತು, ಫೋಮು ಮತ್ತು ಒದ್ದೆ ಬಟ್ಟೆಯೇ ಸರಿ. ಬಳಸುವಾಗ ಮುಖವನ್ನು ಎರಡು ನಿಮಿಷ ಒದ್ದೆ ಮಾಡಿಕೊಳ್ಳಿ. ಡಬ್ಬಿಯನ್ನು ಕುಲುಕಿ ನೆಲ್ಲಿಕಾಯಿಯಷ್ಟು ಮಾತ್ರ ತೆಗೆಯಿರಿ. ಜಾಹೀರಾತಿನಲ್ಲಿ ಕಾಣುವ ಆ ಬಿಳಿ ಗಡ್ಡ ಕಂಪನಿಯ ವ್ಯಾಪಾರಕ್ಕೆ ಒಳ್ಳೆಯದು, ನಿಮ್ಮ ಕೆನ್ನೆಗೆ ಅಷ್ಟು ಬೇಕಿಲ್ಲ. ಒದ್ದೆ ಬೆರಳಿನಿಂದ, ಅಥವಾ ಒದ್ದೆ ಬ್ರಷ್ಷಿನಿಂದ, ಕೂದಲ ಬುಡಕ್ಕೆ ತಿಕ್ಕಿ ಒಂದು ನಿಮಿಷ ಕಾಯಿರಿ. ಅಷ್ಟು ಮಾಡಿದರೆ ಡಬ್ಬಿಯೂ ಸಾಬೂನಿನಷ್ಟೇ ಒಳ್ಳೆಯ ಕೆಲಸ ಮಾಡುತ್ತದೆ. ಖರ್ಚಿನಲ್ಲಿ ಮಾತ್ರ ಸರಿಸಾಟಿಯಿಲ್ಲ: ಒಂದು ಡಬ್ಬಿಯ ದುಡ್ಡಿಗೆ ಮೂರು ನಾಲ್ಕು ಬಿಲ್ಲೆ ಬರುತ್ತವೆ, ಬಟ್ಟಲಿಗೆ ಒತ್ತಿದ ಚೂರುಗಳಂತೂ ಪುಕ್ಕಟೆ.

ಡಬ್ಬಿಯವರು ನೆನಪಿಡಬೇಕಾದ್ದು ಇನ್ನೂ ಇದೆ. 50 ಡಿಗ್ರಿಗಿಂತ ಹೆಚ್ಚು ಬಿಸಿಗೆ ಒಡ್ಡಬೇಡಿ ಎಂದು ಅದರ ಮೇಲೆ ಬರೆದಿರುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಆ ಬಿಸಿ ಬರಲು ಹೆಚ್ಚು ಹೊತ್ತು ಬೇಡ. ಖಾಲಿಯಾಯಿತೆಂದು ಕಂಡ ಡಬ್ಬಿಯಲ್ಲೂ ಅನಿಲ ಉಳಿದಿರುತ್ತದೆ. ನಮ್ಮ ಕಡೆ ಬಚ್ಚಲ ಒಲೆಗೆ ತೆಂಗಿನ ಗರಿ, ರಟ್ಟು, ಹಳೆಯ ಚಪ್ಪಲಿ ಎಲ್ಲವನ್ನೂ ತುರುಕುವ ಅಭ್ಯಾಸವಿದೆ. ಫೋಮಿನ ಡಬ್ಬಿ ಅದರೊಳಗೆ ಹೋಗಲೇಕೂಡದು, ಸಿಡಿಯುತ್ತದೆ. ಮೊಳೆ ಹೊಡೆದು ತೂತು ಮಾಡುವುದೂ ಬೇಡ. ಗುಂಡಿ ಒತ್ತಿ ಬುಸ್ಸೆನ್ನುವುದು ನಿಂತ ಮೇಲೆ ಒಣಕಸದ ಬುಟ್ಟಿಗೆ ಹಾಕಿ, ಕಸದವರಿಗೆ ಒಂದು ಮಾತು ಹೇಳಿ ಕೊಡಿ.

ಸಾಬೂನಿನವರಿಗೆ ಉಳಿದದ್ದು ಬ್ರಷ್ಷಿನ ಆರೈಕೆ. ಬುಡದವರೆಗೆ ತೊಳೆದು, ಕೊಡವಿ, ಎಳೆಗಳು ಕೆಳಮುಖವಾಗಿರುವಂತೆ ಮೊಳೆಗೆ ನೇತುಹಾಕಿ. ಗಡಸು ನೀರಿನವರ ಬ್ರಷ್ಷಿನ ಬುಡದಲ್ಲಿ ಬಿಳಿ ಕಿಟ್ಟ ಕಟ್ಟಿದ್ದರೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಕಾಲು ಗಂಟೆ ಅದರಲ್ಲಿ ನೆನೆಸಿ ತೊಳೆಯಿರಿ. ಬಟ್ಟಲಿನ ಮೇಲೆ ನಿಂತ ನೀರನ್ನು ಬಗ್ಗಿಸಿ, ಮುಚ್ಚಳ ಹಾಕದೆ ಗಾಳಿಯಾಡುವ ಕಡೆ ಇಡಿ. ಮುಚ್ಚಿಟ್ಟರೆ ಮರುದಿನಕ್ಕೆ ಲೋಳೆಯಾಗಿರುತ್ತದೆ.